ಭೋಂಗಾ ಕೊಟ್ಟ ರಸೀದಿ

ಒಂದು ಹೊಳೆಯನ್ನು ಹುಟ್ಟಿನಿಂದ ಸಂಗಮದವರೆಗೆ ಒಂದು ಯಂತ್ರದ ಕೈಗೆ ಒಪ್ಪಿಸಿಬಿಟ್ಟರೆ ಏನಾದೀತು? ನೀಲವೇಣಿಯ ದಂಡೆಯವರಿಗೆ ಇದು ಊಹೆಯ ಮಾತಾಗಿರಲಿಲ್ಲ. ಅಣೆಕಟ್ಟಿನ ಗೇಟುಗಳಿಗೆ ಮನುಷ್ಯರ ಕೈ ತಾಗಕೂಡದು ಎಂಬ ಕಾನೂನು ಬಂದು ಹದಿನಾರು ವರ್ಷವಾಗಿತ್ತು. ನದಿಯ ಏಳೂ ಅಣೆಕಟ್ಟುಗಳನ್ನು ‘ನದಿಪಾಲ’ ಎಂಬ ವ್ಯವಸ್ಥೆ ಕಾಯುತ್ತಿತ್ತು. ಮೇಲೆ ಎಷ್ಟು ಮಳೆಯಾಯಿತು, ನೀರು ಎಷ್ಟು ಏರಿತು ಎಂದು ಅದು ಕ್ಷಣಕ್ಷಣಕ್ಕೂ ಕೇಳಿಕೊಳ್ಳುತ್ತಿತ್ತು. ಯಾವ ಗೇಟನ್ನು ಎಷ್ಟು ಎತ್ತಬೇಕೆಂದು ತಾನೇ ಹೇಳುತ್ತಿತ್ತು. ಆ ಹದಿನಾರು ವರ್ಷದಲ್ಲಿ ಹೊಳೆಗೆ ಒಂದು ಕರುವೂ ಬಲಿಯಾಗಿರಲಿಲ್ಲ. ಕಲ್ಲಂಗಡಿ ಬೆಳೆಯುವವರು ನದಿಪಾಲ ಹೇಳಿದ ದಿನ ಮರಳಿನಲ್ಲಿ ಬೀಜ ಊರುತ್ತಿದ್ದರು. ಅಗಸರು ಅದು ಹೇಳಿದ ಹೊತ್ತಿಗೆ ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಿದ್ದರು. ಅಣೆಕಟ್ಟಿನಿಂದ ಒಂದೂವರೆ ಮೈಲಿ ಕೆಳಗಿದ್ದ ಹೊಳೆಸಂಗಾಪುರದಲ್ಲಿ, ಸ್ನಾನಘಟ್ಟದ ಸೈರನ್ ಕಂಬಕ್ಕೆ ಹೆಂಗಸರು ಅಮಾವಾಸ್ಯೆಗೊಮ್ಮೆ ಕುಂಕುಮ ಹಚ್ಚಿ ಊದುಬತ್ತಿ ಸಿಗಿಸುತ್ತಿದ್ದರು. ಸೈರನ್ನಿಗೆ ಆ ಸೀಮೆಯವರು ಭೋಂಗಾ ಎನ್ನುತ್ತಾರೆ.

ಆ ಭೋಂಗಾ ಯಾವಾಗ ಊದಬೇಕೆಂಬುದನ್ನು ಯಂತ್ರಕ್ಕೆ ಬರೆದುಕೊಟ್ಟವರು ಚನ್ನವೀರಯ್ಯ ಸಾಲಿಮಠ. ಬೆಳಿಗ್ಗೆ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಮನುಷ್ಯ. ಯಂತ್ರದ ಒಳಕ್ಕೆ ಬರುವ ಸುದ್ದಿ, ಅದರಿಂದ ಹೊರಕ್ಕೆ ಹೋಗುವ ಅಪ್ಪಣೆ, ಈ ಎರಡರ ಓಡಾಟ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು ಅವರ ಕೆಲಸ. ಹದಿನಾರು ವರ್ಷವೂ ಅದನ್ನೇ ಮಾಡಿದ್ದರು. ಹೊಸಬರು ಕೆಲಸಕ್ಕೆ ಬಂದಾಗ ಮೊದಲ ದಿನವೇ ಹೇಳುತ್ತಿದ್ದರು:

“ನಿಮ್ಮ ಮೊಬೈಲು ಒಂದು ಚಿತ್ರಾ ತೋರಸಾಕ ತಡಾ ಮಾಡಿದ್ರ ನೀವು ಬೈತೀರಿ, ಅಷ್ಟ. ಇಲ್ಲಿ ಹಂಗಲ್ಲ. ಇಲ್ಲಿ ಹೊತ್ತು ಮೀರಿ ಬಂದ ಉತ್ತರ ಎಷ್ಟ ಸರಿ ಇದ್ರೂ ಅದು ತಪ್ಪು ಉತ್ತರ. ರಿಯಲ್ ಟೈಮ್ ಅಂದ್ರ ಇದ.”

“ಹಂಗಾದ್ರ ಸರ, ನಮ್ಮೂರ ಬಸ್ಸೂ ಇದಕ್ಕ ಜೋಡಸ್ರಿ. ಬೆಳಿಗ್ಗಿ ಬಸ್ಸು ಮಧ್ಯಾಹ್ನಕ್ಕ ಬರತೈತಿ” ಎಂದಿದ್ದಳು ಜರೀನಾ ನದಾಫ್. ಮೂರು ವರ್ಷದ ಹಿಂದೆ ಬಂದ ಕಿರಿಯ ಎಂಜಿನಿಯರ್ ಅವಳು. ಆ ಮಾತಿಗೆ ಚನ್ನವೀರಯ್ಯ ಬಹಳ ನಕ್ಕಿದ್ದರು. ಆಗ ನಗುವ ಮನಸ್ಸಿತ್ತು.

ಎಲ್ಲ ಶುರುವಾದದ್ದು ಅಡುಗೆಮನೆಯಲ್ಲಿ. ಹಿಂದಿನ ಶ್ರಾವಣದಲ್ಲಿ ಊರ ಹೆಂಗಸರು ತುಂಬಿದ ಹೊಳೆಗೆ ಉಡಿ ತುಂಬುವಾಗ, ಒಮ್ಮೆಲೇ ಭೋಂಗಾ ಊದಿತ್ತು. ಎಲ್ಲರೂ ಎದ್ದುಬಿದ್ದು ಮೇಲೆ ಓಡಿದ್ದರು. ನೀರು ಬಂತು, ಯಾರಿಗೂ ಏನೂ ಆಗಲಿಲ್ಲ. ಆದರೆ ಚನ್ನವೀರಯ್ಯನವರ ಹೆಂಡತಿ ದಾನಮ್ಮನ ತಂಗಿ ಸುಗಲಮ್ಮನ ಕೈಯಿಂದ ಮೊರ ಜಾರಿ ಬಿದ್ದಿತ್ತು. ಖಣ, ಬಳೆ, ಕೊಬ್ಬರಿ ಬಟ್ಟಲು ಎಲ್ಲ ದೇವಿಗೆ ಒಪ್ಪಿಸುವ ಮೊದಲೇ ಹರಿದುಹೋಗಿದ್ದವು. ಸುಗಲಮ್ಮನನ್ನು ಕೊಟ್ಟದ್ದೂ ಹೊಳೆಸಂಗಾಪುರಕ್ಕೇ, ಅಕ್ಕನ ಮನೆಯ ಹಿಂದಿನ ಓಣಿಗೆ. ದಿನಕ್ಕೆರಡು ಸಲ ಅಕ್ಕನ ಮನೆಗೆ ಬಂದುಹೋಗುವವಳು.

“ಏನ್ರೀ, ನಿಮ್ಮ ಭೋಂಗಾಕ್ಕ ಒಂದೀಟು ರೀತಿ ರಿವಾಜು ಕಲಸಬಾರದೇನು?” ದಾನಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದರು. “ದೇವರ ಕೆಲಸದಾಗ ನಡುವ ಬಾಯಿ ಹಾಕಿದ್ರ ಹೆಂಗ? ಸುಗಲಾನ ಮನಸಿನಾಗ ವರ್ಷ ಆಗಾಕ ಬಂತು, ಅದ ಕುಂತೈತಿ.”

“ಅದು ಜೀವಾ ಉಳಸಾಕ ಊದತೈತಿ, ಮದವಿಗೆ ಬಾಜಾ ಊದಿದಂಗಲ್ಲ.”

“ಇಷ್ಟ ದೊಡ್ಡ ಎಂಜಿನಿಯರು!” ಬಾಗಿಲಲ್ಲಿ ನಿಂತ ಸುಗಲಮ್ಮ ನಕ್ಕಳು. “ಏಳು ಡ್ಯಾಮು ಆಳತಾರ, ಒಂದು ಭೋಂಗಾದ ಬಾಯಿ ಅರ್ಧಾ ತಾಸು ಹಿಡ್ಯಾಕ ಆಗವಲ್ದು ನಮ್ಮ ಮಾಮಾಗ.”

ಅದೇ ತಿಂಗಳು ಮೇಲಧಿಕಾರಿ ಕಟಗೇರಿ ಸಾಹೇಬರೂ ಅದನ್ನೇ ಕೇಳಿದ್ದರು. ಅಣೆಕಟ್ಟಿನ ಮೇಲೆ ದೊಡ್ಡವರು ಬಾಗಿನ ಬಿಡುವಾಗ ಅಪಶಕುನದಂತೆ ಕೂಗುವುದು ಬೇಡ ಎಂದು. ಆದರೆ ಚನ್ನವೀರಯ್ಯ ಸಾಹೇಬರ ಮಾತಿಗಾಗಲಿ ಹೆಂಗಸರ ಮಾತಿಗಾಗಲಿ ಅದನ್ನು ಮಾಡಿದರೆಂದರೆ ಪೂರ್ತಿ ನಿಜವಾಗದು. ಪೂಜೆಯ ನಡುವೆ ಏಳುವುದು ಅವರಿಗೇ ಸಹಿಸದ ವಿಷಯ. ಅಂಗೈಯಲ್ಲಿ ಲಿಂಗವಿದ್ದಾಗ ಮನೆಗೆ ಬೆಂಕಿ ಬಿದ್ದರೂ ಕಣ್ಣು ತೆರೆಯಬಾರದೆಂದು ಅವರ ತಂದೆ ಕಲಿಸಿದ್ದರು.

ಅವರು ಮಾಡಿದ್ದು ಇಷ್ಟು. ಯಂತ್ರದೊಳಗೆ ಒಂದೊಂದು ಉಪಕರಣಕ್ಕೂ ಒಬ್ಬೊಬ್ಬ ಜವಾನನಿದ್ದಂತೆ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ಡ್ರೈವರ್ ಎನ್ನುತ್ತಾರೆ. ನದಿಪಾಲ ‘ಊದು’ ಎಂದು ಅಪ್ಪಣೆ ಮಾಡಿದರೆ ಭೋಂಗಾದ ಡ್ರೈವರ್ ಊದಿಸಿ ಬಂದು ಒಂದು ರಸೀದಿ ಕೊಡುತ್ತದೆ. ರಸೀದಿ ಕೈಸೇರಿ ಇಪ್ಪತ್ತು ನಿಮಿಷವಾದ ಮೇಲೆ ಗೇಟು ಏಳುತ್ತದೆ. ಆ ಇಪ್ಪತ್ತು ನಿಮಿಷ, ಕೆಳಗಿನ ಜನ ಹೊಳೆಯಿಂದ ಮೇಲೇರಲೆಂದು ಬಿಟ್ಟ ಹೊತ್ತು.

ಈಗ ಭೋಂಗಾವನ್ನು ಮುಕ್ಕಾಲು ತಾಸು ತಡೆದರೆ ಅದರ ಡ್ರೈವರ್ ರಸೀದಿ ಕೊಡದೆ ನಿಂತುಬಿಡುತ್ತದೆ. ಅದರ ಬೆನ್ನಿಗೆ ಬಂದ ಬೇರೆ ಅಪ್ಪಣೆಗಳೂ ನಿಲ್ಲುತ್ತವೆ. ಮಳೆಯ ಸುದ್ದಿ, ನೀರಿನ ಮಟ್ಟದ ಸುದ್ದಿ ಎಲ್ಲ ತಡವಾಗುತ್ತವೆ. ಅದಕ್ಕೆ ಚನ್ನವೀರಯ್ಯ ಒಂದು ಪಟ್ಟಿ ಮಾಡಿದರು. ತಡೆ ಇರುವಾಗ ಬಂದ ಅಪ್ಪಣೆಯನ್ನು ಡ್ರೈವರ್ ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಆಗಲೇ ರಸೀದಿ ಕೊಟ್ಟು ಕಳಿಸಲಿ. ತಡೆ ಮುಗಿದ ಕೂಡಲೇ ಊದಲಿ. ಇದರಲ್ಲಿ ಹೊಸದೇನಿಲ್ಲ. ಯಾವ ಆಫೀಸಿನ ಪ್ರಿಂಟರೂ ಹಾಗೆಯೇ ಕೆಲಸ ಮಾಡುತ್ತದೆ. ಕಾಗದ ಹೊರಬರುವ ಮೊದಲೇ ಕೆಲಸ ಕೊಟ್ಟವನನ್ನು ಬಿಟ್ಟುಕಳಿಸುತ್ತದೆ. ಕೆಂಪು ಮಟ್ಟದ ಪ್ರವಾಹ ಬಂದರೆ ಮಾತ್ರ ತಡೆ ತಾನಾಗಿಯೇ ಮುರಿಯಲಿ ಎಂದೂ ಬರೆದರು.

ಪ್ರಿಂಟರಿನ ರಸೀದಿ ನೋಡಿ ಯಾರೂ ಗೇಟು ಎತ್ತುವುದಿಲ್ಲ. ಇಲ್ಲಿ ಗೇಟು ಆ ರಸೀದಿಗಾಗಿಯೇ ಕಾದು ಕುಳಿತಿತ್ತು. ರಸೀದಿ ಬಂತೆಂದರೆ ಭೋಂಗಾ ಊದಿದೆ ಎಂದೇ ಅದು ನಂಬಿತ್ತು. ಆ ನಂಬಿಕೆಯನ್ನು ಬರೆದವರೂ ಚನ್ನವೀರಯ್ಯನವರೇ, ಹದಿನಾರು ವರ್ಷದ ಹಿಂದೆ. ಮರೆತಿದ್ದರು.

ಬೇಸಿಗೆಯಲ್ಲಿ ಪರೀಕ್ಷೆ ನಡೆಯಿತು. ತಡೆ ಹಾಕಿದರು, ಭೋಂಗಾ ಸುಮ್ಮನಿತ್ತು, ತೆಗೆದರು, ಊದಿತು. ಯಂತ್ರ ಎಲ್ಲಿಯೂ ನಿಲ್ಲಲಿಲ್ಲ. ಗೇಟು, ಭೋಂಗಾ ಎರಡನ್ನೂ ಒಟ್ಟಿಗೆ ಯಾರೂ ಪರೀಕ್ಷಿಸಲಿಲ್ಲ. ಬಾಗಿನ ಮುಗಿಯದೆ ಗೇಟು ಏಳುವುದೆಂದರೇನು? ಆ ಸೀಮೆಯಲ್ಲಿ ಅಜ್ಜನ ಕಾಲದಿಂದ ಪೂಜೆ ಮೊದಲು, ನೀರು ಆಮೇಲೆ. ಆ ಪದ್ಧತಿ ಯಂತ್ರಕ್ಕೆ ಗೊತ್ತಿಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ. ಅಣೆಕಟ್ಟಿನ ಮೇಲೆ ಪೆಂಡಾಲು, ಡೊಳ್ಳು, ಧ್ವನಿವರ್ಧಕ. ಚನ್ನವೀರಯ್ಯ ಹತ್ತೂವರೆಯಿಂದ ಹನ್ನೊಂದೂಕಾಲಿನವರೆಗೆ ತಡೆ ಹಾಕಿ, ಗಾಜಿನ ನಿಯಂತ್ರಣ ಕೋಣೆಯಲ್ಲಿ ಜರೀನಾಳ ಜೊತೆ ಕುಳಿತಿದ್ದರು. ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಮೇಲಿನ ಕಣಿವೆಯಲ್ಲಿ ಮೋಡ ಒಡೆದ ಸುದ್ದಿ ಬಂತು. ಹಳದಿ ಮಟ್ಟ, ಕೆಂಪಿಗಿಂತ ಒಂದು ಹಂತ ಕೆಳಗೆ. ನದಿಪಾಲ ಭೋಂಗಾಕ್ಕೆ ಅಪ್ಪಣೆ ಮಾಡಿತು. ಅರೆಕ್ಷಣದಲ್ಲಿ ಪರದೆಯ ಮೇಲೆ ಹಸಿರು ಗುರುತು ಬಿತ್ತು: ಸ್ನಾನಘಟ್ಟ, ರಸೀದಿ ಬಂದಿದೆ.

“ಸರ, ಭೋಂಗಾದ ಸದ್ದು ಕೇಳಿಸಲಿಲ್ಲಲ್ಲ?” ಜರೀನಾ ತಲೆಯೆತ್ತಿದಳು.

“ಈ ಡೊಳ್ಳಿನ ಗದ್ದಲದಾಗ ಏನ್ ಕೇಳತೈತಿ?”

“ತಡೆ ಹಾಕೀರಿ...”

“ನೀರು ಜಾಸ್ತಿ ಆದ್ರ ತಡೆ ಮುರೀಬೇಕಂತ ಬರದೀನಿ. ಮುರದೈತಿ. ರಸೀದಿ ಕಾಣವಲ್ದೇನು?”

ಅದು ಕೆಂಪು ಮಟ್ಟಕ್ಕೆ ಮಾತ್ರ ಎಂಬುದು ಆ ಹೊತ್ತಿಗೆ ಅವರ ನೆನಪಿಗೆ ಬರಲಿಲ್ಲ. ಫೋನು ಜೇಬಿನಲ್ಲೇ ಇತ್ತು. ಸುಗಲಮ್ಮನ ಗಂಡನ ಅಂಗಡಿ ಸ್ನಾನಘಟ್ಟದ ಮಗ್ಗುಲಿಗೇ. ಒಂದು ಮಾತು ಕೇಳಬಹುದಾಗಿತ್ತು, ಅಲ್ಲಿ ಭೋಂಗಾ ಊದಿತೇನಪ್ಪಾ ಎಂದು. ಇಪ್ಪತ್ತು ನಿಮಿಷವಿತ್ತು. ಚನ್ನವೀರಯ್ಯ ಹಸಿರು ಗುರುತನ್ನು ನೋಡಿದರು, ಸಮಾಧಾನಗೊಂಡರು, ಗಾಜಿನಾಚೆ ನಡೆಯುತ್ತಿದ್ದ ಪೂಜೆಗೆ ಕುಳಿತಲ್ಲಿಂದಲೇ ಕೈಮುಗಿದರು.

ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಗೇಟುಗಳು ಎದ್ದವು. ಪೆಂಡಾಲಿನಲ್ಲಿದ್ದವರು ತಮಗಾಗಿಯೇ ಹೊತ್ತು ನೋಡಿ ಎತ್ತಿದರೆಂದು ತಿಳಿದು ಚಪ್ಪಾಳೆ ತಟ್ಟಿದರು. ಯಾರೋ ಹೂ ಎರಚಿದರು. ನೀರು ಸ್ನಾನಘಟ್ಟ ಮುಟ್ಟಿದ್ದು ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ. ಮೊಣಕಾಲು ನೀರಿನಲ್ಲಿ ನಿಂತು ಉಡಿ ತುಂಬುತ್ತಿದ್ದ ನಲವತ್ತು ಹೆಂಗಸರಲ್ಲಿ ಹೆಚ್ಚಿನವರು ಮೇಲೇರಿದರು. ದಾನಮ್ಮನ ಕೈಗೆ ಪಾವಟಿಗೆಯ, ಅಂದರೆ ಘಟ್ಟದ ಮೆಟ್ಟಿಲಿನ, ಸರಪಳಿ ಸಿಕ್ಕಿತು. ಮೂವರು ಹೋದರು: ಕಾಶೀಬಾಯಿ, ಅಗಸರ ನಿಂಗವ್ವನ ಸೊಸೆ ಶೈಲಾ, ಸುಗಲಮ್ಮ. ಹನ್ನೊಂದೂಕಾಲಿಗೆ, ತಡೆ ಮುಗಿದ ಕೂಡಲೇ, ಭೋಂಗಾ ತನ್ನ ಪಟ್ಟಿಯಲ್ಲಿದ್ದ ಅಪ್ಪಣೆಯನ್ನು ತೆಗೆದು ತಪ್ಪದೆ ಊದಿತು.

ಮೂರನೆಯ ದಿನ ಜರೀನಾ ಒಂದು ಹಾಳೆ ಹಿಡಿದು ಬಂದಳು. ಪ್ರತಿ ಭೋಂಗಾದ ಮೋಟಾರಿಗೆ ಹರಿದ ವಿದ್ಯುತ್ತಿನ ದಾಖಲೆ ಬೇರೊಂದು ಮೀಟರಿನಲ್ಲಿರುತ್ತದೆ. ಅದನ್ನು ಅವಳು ತೆಗೆದು ನೋಡಿದ್ದಳು.

“ರಸೀದಿ ಹತ್ತು ನಲವತ್ತೆರಡಕ್ಕ ಐತಿ ಸರ. ಕರೆಂಟು ಹನ್ನೊಂದೂಕಾಲತನಕ ಸೊನ್ನಿ.”

ಚನ್ನವೀರಯ್ಯ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

“ನಾನು ಹೇಳ್ತೀನಿ. ನೀ ಸುಮ್ನಿರವ್ವ” ಎಂದರು.

ಆ ವಾರವೇ ಪಟ್ಟಿಯನ್ನು ಏಳೂ ಅಣೆಕಟ್ಟುಗಳಿಂದ ಕಿತ್ತುಹಾಕಿದರು. ಕಡತದಲ್ಲಿ ‘ಸಣ್ಣ ತಿದ್ದುಪಡಿ’ ಎಂದು ಬರೆದರು. ಇನ್ನು ಮುಂದೆ ಯಾರಿಗೂ ಹಾಗಾಗದು. ಆದರೆ ಆಗಿಹೋದದ್ದನ್ನು ಹೇಳಲಿಲ್ಲ. ವಿಚಾರಣೆ ಮಾಡಿದವರು ಯಂತ್ರದ ರಸೀದಿಯನ್ನು ನೋಡಿ ವರದಿ ಬರೆದರು: ಎಚ್ಚರಿಕೆ ಇಪ್ಪತ್ತು ನಿಮಿಷ ಮೊದಲೇ ಕೊಡಲಾಗಿತ್ತು, ಪೂಜೆಯ ಭರದಲ್ಲಿದ್ದ ಮಹಿಳೆಯರು ಅದನ್ನು ಗಮನಿಸಲಿಲ್ಲ. ನಮಗೆ ಕೇಳಿಸಲೇ ಇಲ್ಲ ಎಂದು ಊರ ಕೆಲವರು ವಾದಿಸಿದರು. ನೀರು ಬಂದ ಮೇಲೆ ಕೇಳಿದ್ದು ಎರಡನೆಯ ಸಲದ್ದು ಎಂದು ಅಧಿಕಾರಿಗಳು ಹೇಳಿದರು. ಹದಿನಾರು ವರ್ಷ ಸುಳ್ಳಾಡದ ಯಂತ್ರದ ಎದುರು ಜನ ತಮ್ಮ ಕಿವಿಗಳನ್ನೇ ಅನುಮಾನಿಸತೊಡಗಿದರು. ತಿಂಗಳೊಪ್ಪತ್ತಿನಲ್ಲಿ, ಊದಿತ್ತಂತೆ, ಅವರೇ ಏಳಲಿಲ್ಲವಂತೆ ಎಂಬುದೇ ಊರ ಮಾತಾಯಿತು.

ಜರೀನಾ ಒಮ್ಮೆ ಕೇಳಿದಳು: “ಸರ, ಹೇಳಿದ್ರೇನು?” ಹೇಳ್ತೀನಿ ಎಂದರು. ದೀಪಾವಳಿ ಮುಗಿದ ಮೇಲೆ ಮತ್ತೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವರ ಎದುರು ಬಸ್ಸಿನ ಮಾತಾಡಿ ನಗಿಸುವುದನ್ನೂ ಬಿಟ್ಟಳು.

ಹೇಳದೆ ಇದ್ದದ್ದಕ್ಕೆ ಅವರಲ್ಲಿ ಕಾರಣವಿಲ್ಲದಿರಲಿಲ್ಲ. ಭೋಂಗಾದ ಬಾಯಿ ಹಿಡಿಯಲು ಕೇಳಿದವರು ದಾನಮ್ಮ. ತಂಗಿಯ ಸಾವಿಗೆ ತಾನೇ ದಾರಿ ಮಾಡಿದೆನೆಂದು ತಿಳಿದರೆ ಆಕೆ ಬದುಕುವುದುಂಟೆ? ಹೀಗೆಂದು ದಿನವೂ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರೆ ಹಸಿರು ಗುರುತು ಕಾಣುತ್ತಿತ್ತು. ಪೂಜೆಗೆ ಕೂರುವ ಹೊತ್ತಿಗೆ ದಾನಮ್ಮ ಹಾಡುವುದು ಆ ಮನೆಯ ರೂಢಿ. ಮೂವತ್ತನಾಲ್ಕು ವರ್ಷ ತಪ್ಪದೆ ಹಾಡಿದ್ದರು. ಶ್ರಾವಣದಿಂದೀಚೆಗೆ ಆಕೆ ವಿಭೂತಿ, ಪತ್ರಿ ತಂದಿಟ್ಟು, ಮಾತಿಲ್ಲದೆ ಒಳಗೆ ಹೋಗುತ್ತಿದ್ದರು. ಇದು ದುಃಖ, ಕಾಲ ಕಳೆದಂತೆ ಇಳಿಯುತ್ತದೆ ಎಂದು ಚನ್ನವೀರಯ್ಯ ತಿಳಿದರು.

ಎಂಟು ತಿಂಗಳು ಕಳೆಯಿತು. ಯುಗಾದಿ ಅಮಾವಾಸ್ಯೆಯ ಬೆಳಿಗ್ಗೆ ದಾನಮ್ಮ, “ಹೊಳಿಗೆ ಹೋಗಿಬರೂಣು ನಡ್ರಿ” ಎಂದರು. ಅಂದಿನಿಂದ ಆಕೆ ಅತ್ತ ಕಾಲಿಟ್ಟಿರಲಿಲ್ಲ. ಇಬ್ಬರೂ ನಡೆದುಕೊಂಡು ಹೋದರು. ಹೊಳೆ ಬತ್ತಿ ಕಲ್ಲು ಕಾಣುತ್ತಿತ್ತು. ಪಾವಟಿಗೆಯ ತಲೆಯ ಮೇಲೆ ಹೊಸದಾಗಿ ಒಂದು ನೀಲಿ ಫಲಕ ನಿಲ್ಲಿಸಿದ್ದರು: ‘ಎಚ್ಚರಿಕೆಯನ್ನು ಲೆಕ್ಕಿಸದೆ ಮೂವರು ಮಹಿಳೆಯರು ಪ್ರಾಣ ಕಳೆದುಕೊಂಡ ಸ್ಥಳ. ಸೈರನ್ ಕೇಳಿದ ಕೂಡಲೇ ಮೇಲೆ ಬನ್ನಿ.’

ದಾನಮ್ಮ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದಿದರು. ಹೆಚ್ಚು ಓದಿದವರಲ್ಲ.

“ಖರೇನ ಬರದಾರ” ಎಂದರು.

“ಏನು?”

“ಲೆಕ್ಕಿಸದೆ ಅಂತ. ಸುಗಲಾ ಅಲ್ಲ, ಲೆಕ್ಕಿಸಲಾರದಾಕಿ ನಾನು.” ಪಾವಟಿಗೆಯ ಮೇಲೆ ಕುಳಿತರು. “ಹಾಡು ಎತ್ತಿದ್ದೆ. ಅಕಿ ನನ್ನ ಸೆರಗು ಜಗ್ಗಿದ್ಲು. ಯಕ್ಕಾ, ನೀರು ಕೆಂಪಾಗಾಕತ್ತೈತಿ, ಏಳೂಣು ಅಂದ್ಲು. ಭೋಂಗಾ ಊದಿಲ್ಲಲ್ಲವಾ, ಹಾಡು ಮುಗಿಸಿ ಏಳೂಣು ಅಂದೆ. ಅಕಿ ಅಕ್ಕನ ಮಾತು ಮೀರಲಿಲ್ಲ, ನಿಂತ್ಲು. ಊದಿತ್ತಂತ್ರೀ. ನನ್ನ ಹಾಡಿನಾಗ ನನಗ ಕೇಳಲಿಲ್ಲ.”

ಚನ್ನವೀರಯ್ಯ ಭೋಂಗಾದ ಕಂಬ ಹಿಡಿದು ನಿಂತರು. ಯಾವ ಭಾರ ಆಕೆಯ ಮೇಲೆ ಬೀಳದಿರಲೆಂದು ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೋ, ಅದಕ್ಕಿಂತ ದೊಡ್ಡ ಭಾರವನ್ನು ಆಕೆ ಅಂದಿನಿಂದಲೂ ಒಬ್ಬರೇ ಹೊತ್ತಿದ್ದರು.

“ಊದಿರಲಿಲ್ಲ ದಾನಮ್ಮ.”

“ಹಂ?”

“ಭೋಂಗಾ ಊದಿರಲಿಲ್ಲ. ನೀ ಎಷ್ಟ ಲಕ್ಷ್ಯ ಕೊಟ್ಟಿದ್ರೂ ಕೇಳತಿರಲಿಲ್ಲ. ಕೇಳಾಕ ಅಲ್ಲಿ ಏನೂ ಇರಲಿಲ್ಲ.”

ಆಮೇಲೆ ಎಲ್ಲವನ್ನೂ ಹೇಳಿದರು. ತಡೆ, ಪಟ್ಟಿ, ರಸೀದಿ, ಜರೀನಾ ಕೇಳಿದ ಮಾತು, ತಾವು ಕೊಟ್ಟ ಉತ್ತರ, ಜೇಬಿನಲ್ಲಿದ್ದ ಫೋನು. ಹೊಸ ಎಂಜಿನಿಯರರಿಗೆ ಬಿಡಿಸಿ ಹೇಳುವಂತೆ ಹೇಳಿದರು. ಬೇರೆ ಬಗೆಯಲ್ಲಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ದಾನಮ್ಮ ಮುಖ ತಿರುಗಿಸದೆ ಕೇಳಿದರು.

“ನಾ ಕೇಳಿದ್ದಕ್ಕ ಅದರ ಬಾಯಿ ಕಟ್ಟಿದಿರಿ?”

“ನೀ ಬರೇ ಕೇಳಿದಿ. ಆಗೂದಿಲ್ಲ ಅನ್ನೂದು ನನ್ನ ಕೆಲಸ ಆಗಿತ್ತು. ಮಾಡೂದಾದ್ರ ಸರಿಯಾಗಿ ಮಾಡೂದು ನನ್ನ ಕೆಲಸ ಆಗಿತ್ತು. ಎರಡೂ ಮಾಡಲಿಲ್ಲ.”

“ನಿಮಗ ಇದು ಗೊತ್ತಾಗಿದ್ದು ಯಾವಾಗ?”

“ಮೂರನೇ ದಿನಕ್ಕ.”

“ಮೂರನೇ ದಿನಕ್ಕ” ಎಂದು ದಾನಮ್ಮ ಮೆಲ್ಲಗೆ ಅಂದರು. “ಹಂಗಾದ್ರ ಅಕಿ ಹೆಸರಿಲೆ ಜಂಗಮರಿಗೆ ಊಟಾ ಹಾಕಿದಾಗ ಗೊತ್ತಿತ್ತು.”

“ಗೊತ್ತಿತ್ತು.”

“ನಾ ಹಾಡೂದು ಬಿಟ್ಟಾಗ?”

“ದುಃಖಕ್ಕ ಬಿಟ್ಟಿ ಅಂತ ತಿಳಿದಿದ್ದೆ.”

“ಯಾಕ ಬಿಟ್ಟಿ ಅಂತ ಒಂದು ಮಾತು ಕೇಳಲಿಲ್ಲ ನೀವು.”

ಕೇಳಿದರೆ ಆಕೆ ಹೇಳಿಯಾಳು, ಆಕೆ ಹೇಳಿದರೆ ತಾನೂ ಹೇಳಬೇಕಾದೀತು ಎಂಬ ಅಂಜಿಕೆಯೇ ತಮ್ಮ ಬಾಯಿ ಕಟ್ಟಿತ್ತೆಂಬುದು ಚನ್ನವೀರಯ್ಯನವರಿಗೆ ಆಗ, ಆ ಬಿಸಿಲಿನಲ್ಲಿ ಅರ್ಥವಾಯಿತು. ಹೆಂಡತಿಯ ಮೇಲಿನ ಕರುಣೆ ಅದರಲ್ಲಿ ಎಷ್ಟಿತ್ತೋ ಶಿವನಿಗೇ ಗೊತ್ತು.

ದಾನಮ್ಮ ಅತ್ತರು. ತಂಗಿ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಚನ್ನವೀರಯ್ಯ ಹತ್ತಿರ ಹೋದಾಗ ಕೈಯೆತ್ತಿ ತಡೆದರು. ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತರು.

“ನಡ್ರಿ. ಶೈಲಾನ ಅತ್ತಿ ನಿಂಗವ್ವನ ಮನಿ ಇಲ್ಲೇ ಐತಿ.”

“ಮೊದಲ ಆಫೀಸಿಗೆ ಬರದು ಕೊಡ್ತೀನಿ. ಅಲ್ಲಿಂದ ಆದೇಶ ಆಗಲಿ, ಈ ಫಲಕ ತಗಸಲಿ, ಆಮ್ಯಾಲೆ...”

“ಆಫೀಸಿನವರ ಮನಿಯಾಗ ಯಾರೂ ಸತ್ತಿಲ್ಲ. ಅವರಿಗೆ ನಾಳೆ ಬರಕೊಡ್ರಿ.” ದಾನಮ್ಮ ಆಗಲೇ ಹೆಜ್ಜೆ ಹಾಕಿದ್ದರು. “ಆ ಮುದುಕಿ ಮೊಮ್ಮಗಳಿಗೆ ದಿನಾ ಏನ್ ಹೇಳತಾಳ ಗೊತ್ತೇನು? ನಿಮ್ಮವ್ವ ಯಾರ ಮಾತೂ ಕೇಳತಿರಲಿಲ್ಲ, ಭೋಂಗಾದ ಮಾತೂ ಕೇಳಲಿಲ್ಲ, ಅದಕ್ಕ ಹೋದ್ಲು ಅಂತ. ನಾಕು ವರ್ಷದ ಕೂಸಿಗೆ.”

ಅಗಸರ ಓಣಿ ಬಿಸಿಲಿಗೆ ಬಿಕೋ ಎನ್ನುತ್ತಿತ್ತು. ಹಗ್ಗದ ಮೇಲೆ ಊರಿನವರ ಹಬ್ಬದ ಬಟ್ಟೆಗಳು ಒಣಗುತ್ತಿದ್ದವು. ಮುಂದೆ ದಾನಮ್ಮ, ಹಿಂದೆ ಚನ್ನವೀರಯ್ಯ. ಮನೆಯ ಮುಂದೆ ಆಕೆ ನಿಂತು, ಬಾಗಿಲು ಬಡಿದು, ಪಕ್ಕಕ್ಕೆ ಸರಿದರು.

ಬಾಗಿಲು ತೆರೆದ ನಿಂಗವ್ವ ಅವಸರದಿಂದ ಸೆರಗು ಹೊದ್ದುಕೊಂಡಳು. “ಅಯ್ಯ ಶಿವನ! ಅಯ್ಯಾರು ಬಡವರ ಮನಿತನಾ ಬಂದ್ರಿ. ಬರ್ರಿ, ಕುಂಡ್ರಿ” ಎನ್ನುತ್ತ ಒಳಗೆ ಓಡಿ ತಂಬಿಗೆಯಲ್ಲಿ ನೀರು ತಂದಳು. ಅವಳ ಹಿಂದೆ ಸೀರೆ ಹಿಡಿದು ಒಂದು ಹೆಣ್ಣುಮಗು ಇಣುಕುತ್ತಿತ್ತು.

“ನೀರು ಈಗ ಬ್ಯಾಡ ಯಕ್ಕಾ” ಎಂದರು ದಾನಮ್ಮ. “ಇವರು ಹೇಳೂದು ಪೂರಾ ಕೇಳು. ಆಮ್ಯಾಲೆ ಕೊಡಬೇಕು ಅನಿಸಿದ್ರ ಕೊಡು.”

ನಿಂಗವ್ವ ತಂಬಿಗೆ ಹಿಡಿದುಕೊಂಡೇ ನಿಂತಳು. ಚನ್ನವೀರಯ್ಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ದೇವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಿಂದಕ್ಕೆ ನುಂಗಿ, ಮುದುಕಿಯ ಮುಖ ಬಿಟ್ಟು ಆ ಮಗುವಿನ ಕಡೆ ನೋಡಿ ಮಾತು ಶುರುಮಾಡಿದರು:

“ನಿಮ್ಮವ್ವಂದು ಏನೂ ತಪ್ಪಿಲ್ಲವಾ.”